ಬೀದಿಯ ಪ್ರತಿಷ್ಠೆ

ಪ್ರತಿಷ್ಠೆಯೆಂಬ ಪದವು 'ಸ್ಥಾ' ಧಾತುವಿನಿಂದ ಹುಟ್ಟಿದುದು. ನೆಲೆಯಾಗಿ ನಿಲ್ಲುವುದೇ ಅದರ ಮೂಲಾರ್ಥವೆಂದು ನಾವು ಬಹುಕಾಲ ಹುಡುಗರಿಗೆ ಪಾಠ ಹೇಳಿದ್ದುಂಟು. ಚೆಕ್ ದೇಶದ ಪ್ರಾಗ್ ನಗರದಲ್ಲಿ ಈಗ ಅತ್ಯಂತ ಪ್ರತಿಷ್ಠಿತವೆನಿಸಿದ ವೀಥಿಗಳಲ್ಲಿ ಪಾರಿಝ್‌ಸ್ಕಾ ಎಂಬುದೊಂದು. 'ಪ್ಯಾರಿಸ್ ಬೀದಿ'ಯೆಂದು ಅದರ ಅರ್ಥ; ಆ ಹೆಸರು ಬಂದುದು 1926ರಲ್ಲಿ. ಇಕ್ಕೆಲದಲ್ಲಿಯೂ ಸಾಲುಮರಗಳು, ಅಲಂಕೃತ ಸೌಧಗಳು, ಧನಿಕರಿಗಲ್ಲದೆ ಅನ್ಯರಿಗೆ ಎಟುಕದ ಒಡವೆ ವಸ್ತ್ರಗಳ ಅಂಗಡಿಗಳು.

ಆದರೆ ಆ ನೆಲದಲ್ಲಿ ಹಿಂದೆ ಇದ್ದುದು ಯೋಸೆಫೊವ್ ಎಂಬ ಯೆಹೂದ್ಯರ ಕೇರಿ. 19ನೆಯ ಶತಮಾನದಲ್ಲಿ ಅನುಕೂಲಸ್ಥರು ಬೇರೆಡೆಗೆ ಹೋಗಲಾಗಿ, ಅಲ್ಲಿ ಉಳಿದವರು ಬಹುಮಟ್ಟಿಗೆ ಕಡುಬಡವರು. ಗಾಳಿಬೆಳಕಿಲ್ಲದ ಆ ಸ್ಥಳವು ರೋಗಕ್ಕೆ ಆಸ್ಪದವೆಂದು 1893ರ ಶಾಸನದ ಮೇರೆಗೆ ಅದನ್ನು ಕೆಡವಿದರು. ಕೊಳೆ ತೊಲಗಿತು, ಹೊಸ ಸೌಧಗಳ ಬಾಡಿಗೆಯನ್ನು ತೆರಲಾರದೆ ಬಡವರೂ ತೊಲಗಿದರು. ಮನೆಯನ್ನು ಶುಚಿಗೊಳಿಸುವುದು ಧರ್ಮವೇ ಸರಿ. ಶುಚಿಯಾದ ಮನೆಯಲ್ಲಿ ಮನೆಯವರಿಗೇ ಎಡೆಯಿಲ್ಲದಂತೆ ಮಾಡುವುದೂ ಧರ್ಮವೇ?

13ನೆಯ ಶತಮಾನದ ಅವರ ಪ್ರಾರ್ಥನಾಮಂದಿರವೊಂದು ಆ ಬೀದಿಯ ಮಗ್ಗುಲಲ್ಲಿಯೇ, ರಸ್ತೆಯ ಮಟ್ಟಕ್ಕಿಂತ ತಗ್ಗಿನಲ್ಲಿ, ಇಂದಿಗೂ ನಿಂತಿದೆ. ಪ್ರತಿಷ್ಠೆಯೆಂಬ ಮಾತು ಬೀದಿಗೆ ಸಲ್ಲುವುದೋ, ಆ ತಗ್ಗಿನ ಮಂದಿರಕ್ಕೆ ಸಲ್ಲುವುದೋ, ಧಾತ್ವರ್ಥವನ್ನು ನೆನೆದು ವಾಚಕರೇ ನಿರ್ಣಯಿಸಲಿ.