ಸ್ತನ ಕ್ಯಾನ್ಸರ್ ಮತ್ತು ರಕ್ತದ ಕೊಬ್ಬು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಹಿಳೆಯರು ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಹೆಚ್ಚಾಗಿ ಮಂಗಳೂರಿಗೇ ಹೋಗಬೇಕು. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದೊಡನೆ ಮನೆಯವರ ಮೊದಲ ಪ್ರಶ್ನೆ ಊಟದ್ದು: ತೆಂಗಿನೆಣ್ಣೆ ಆಗುತ್ತದೆಯೇ, ತುಪ್ಪ ಆಗುತ್ತದೆಯೇ? ಸಲಹೆ ನೀಡಲು ನೆರೆಹೊರೆಯವರೆಲ್ಲ ಸಿದ್ಧರಿರುತ್ತಾರೆ. ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿದವರು ಮಾತ್ರ ವಿರಳ.

ಮುಟ್ಟು ನಿಂತ ಮೇಲೆ ಅಂಡಾಶಯಗಳಲ್ಲಿ ಈಸ್ಟ್ರೋಜೆನ್ ಉತ್ಪಾದನೆ ಬಹುಮಟ್ಟಿಗೆ ನಿಲ್ಲುತ್ತದೆ. ಆಗ ಮೈಯ ಕೊಬ್ಬಿನ ಅಂಗಾಂಶವೇ ಅರೋಮಟೇಸ್ ಎಂಬ ಕಿಣ್ವದ ನೆರವಿನಿಂದ ಆ ಹಾರ್ಮೋನನ್ನು ತಯಾರಿಸುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ತಡೆಯುವುದು ಈ ಕಿಣ್ವವನ್ನು. 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ದಾರಿಯನ್ನು ಕಂಡರು. ಕೊಲೆಸ್ಟ್ರಾಲ್ ದೇಹದಲ್ಲಿ ಮಾರ್ಪಟ್ಟು ಉಂಟಾಗುವ 27-ಹೈಡ್ರಾಕ್ಸಿಕೊಲೆಸ್ಟ್ರಾಲ್ ಎಂಬ ವಸ್ತುವು ಈಸ್ಟ್ರೋಜೆನ್ನಿನಂತೆ ವರ್ತಿಸಿ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಗೂ ಶ್ವಾಸಕೋಶಕ್ಕೆ ಅದು ಹರಡುವುದಕ್ಕೂ ನೆರವಾಯಿತು.

ಇಲಿಯ ಫಲಿತಾಂಶವನ್ನು ನೇರವಾಗಿ ರೋಗಿಗೆ ಅನ್ವಯಿಸಿ ಹೆದರಿಸುವುದು ಸಲ್ಲದು. ಕೊಲೆಸ್ಟ್ರಾಲ್ ಏರಿದ ಮಾತ್ರಕ್ಕೆ ಕ್ಯಾನ್ಸರ್ ಹರಡಿದೆಯೆಂದು ಅರ್ಥವಾಗದು. ಇಳಿದಿದ್ದರೆ ಹರಡಿಲ್ಲವೆಂಬ ಭರವಸೆಯೂ ಇಲ್ಲ. ಡೆನ್ಮಾರ್ಕಿನ 18 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಲೆಸ್ಟ್ರಾಲ್ ತಗ್ಗಿಸುವ ಸಿಮ್ವಾಸ್ಟಾಟಿನ್ ಸೇವಿಸುತ್ತಿದ್ದವರಲ್ಲಿ ರೋಗ ಮರುಕಳಿಸುವ ಪ್ರಮಾಣ ಕಡಿಮೆಯಿತ್ತು. ಅದಕ್ಕೆ ಆ ಮಾತ್ರೆಯೇ ಕಾರಣವೆಂದು ದಾಖಲೆಗಳ ಹೋಲಿಕೆಯಿಂದ ಸಿದ್ಧವಾಗದು. ಕ್ಯಾನ್ಸರಿಗೆಂದು ತಾವಾಗಿಯೇ ಅಂಗಡಿಯಿಂದ ಕೊಂಡು ನುಂಗುವುದಂತೂ ಅಪಾಯಕರ.

ಆದರೂ ಪರೀಕ್ಷೆ ಬೇಕೆನ್ನಲು ಹೃದಯವೊಂದೇ ಸಾಕಾದಷ್ಟು ಕಾರಣ. ಸ್ತನ ಕ್ಯಾನ್ಸರಿನಿಂದ ಗುಣಮುಖರಾದ ಹಿರಿಯ ಮಹಿಳೆಯರಲ್ಲಿ ಅನೇಕರನ್ನು ಮುಂದೆ ಬಲಿ ತೆಗೆದುಕೊಳ್ಳುವುದು ಹೃದ್ರೋಗ. ಟಾಮೋಕ್ಸಿಫೆನ್ ಮಾತ್ರೆ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಅರೋಮಟೇಸ್ ತಡೆಯುವ ಮಾತ್ರೆಗಳಿಗೆ ಆ ಗುಣವಿಲ್ಲ, ಅವನ್ನು ಸಾಮಾನ್ಯವಾಗಿ 5 ವರ್ಷವಾದರೂ ಸೇವಿಸಬೇಕು. ಈ ತಾಲ್ಲೂಕುಗಳಲ್ಲಿ ಬೀಡಿ ಕಟ್ಟುತ್ತ ದಿನವಿಡೀ ಕುಳಿತಿರುವ ತಾಯಂದಿರು ಬಹಳ. ಅಡುಗೆಗೆ ಬಳಸುವ ತೆಂಗಿನೆಣ್ಣೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಎಲ್‌ಡಿಎಲ್ ಏರಿಸುವ ಪರ್ಯಾಪ್ತ ಕೊಬ್ಬು. ಅದನ್ನು ಪೂರ್ತಿ ತೊರೆಯಬೇಕಿಲ್ಲ, ಅಳತೆಯಲ್ಲಿ ಬಳಸಿದರಾಯಿತು. ಕಿಮೋ ಸಮಯದಲ್ಲಿ ಊಟ ಸೇರದೆ ಸೊರಗಿದವರಿಗೆ ಪಥ್ಯದ ಹೆಸರಿನಲ್ಲಿ ಬರಿಯ ಗಂಜಿ ಕುಡಿಸುವ ಪದ್ಧತಿಯನ್ನು ಮೊದಲು ಕೈಬಿಡಬೇಕು.

ರಕ್ತದೊತ್ತಡ, ಸಕ್ಕರೆ ನೋಡಿಸಲು ಬರುವ ಈ ಮಹಿಳೆಯರಿಗೆ ಲಿಪಿಡ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಮಾಡಬೇಕೆಂಬುದು ನಮ್ಮ ಆಗ್ರಹ. ಆ ವರದಿಯನ್ನು ಮುಂದಿನ ಭೇಟಿಯಲ್ಲಿ ಮಂಗಳೂರಿನ ಕ್ಯಾನ್ಸರ್ ತಜ್ಞರ ಮುಂದಿಡಲಿ. ಅದರಲ್ಲಿನ ಅಂಕಿ ಎಷ್ಟೇ ಇರಲಿ, ಅವರನ್ನು ಕೇಳದೆ ಲೆಟ್ರೊಜೋಲ್ ನಿಲ್ಲಿಸುವುದು ಬೇಡ.