ಹೆಬ್ಬಾಗಿಲಲ್ಲಿ ಯಾರ ಚಿತ್ರ?

ಒಂದು ಸಮಾಜವು ಯಾರನ್ನು ಗೌರವಿಸುತ್ತದೆಂದು ತಿಳಿಯಲು ಅದರ ಭಾಷಣಗಳನ್ನು ಕೇಳಬೇಕಾಗಿಲ್ಲ. ಅದರ ಸಭಾಮಂಟಪದ ಹೆಬ್ಬಾಗಿಲಲ್ಲಿ ಯಾರ ಚಿತ್ರವಿದೆಯೆಂದು ನೋಡಿದರೆ ಸಾಕು.

1938ರ ಫೆಬ್ರವರಿಯಲ್ಲಿ ಗುಜರಾತಿನ ತಾಪಿ ನದಿಯ ತೀರದ ಹರಿಪುರಾ ಗ್ರಾಮದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರ ಕೋರಿಕೆಯಂತೆ ಅದನ್ನು ಅಲಂಕರಿಸಿದವರು ಶಾಂತಿನಿಕೇತನದ ಕಲಾವಿದ ನಂದಲಾಲ ಬೋಸರು. ಹೆಬ್ಬಾಗಿಲುಗಳನ್ನು ಸಿಂಗರಿಸಲು ಅವರು ಆರಿಸಿಕೊಂಡದ್ದು ನಾಯಕರ ಮುಖಗಳನ್ನಲ್ಲ. ಡೋಲು ಬಾರಿಸುವವನನ್ನು, ದರ್ಜಿಯನ್ನು, ಬಡಗಿಯನ್ನು, ಭತ್ತ ಕುಟ್ಟುವ ಹೆಂಗಸರನ್ನು. ಅವರ ಕೈಯಿಂದಲೇ 80ಕ್ಕೂ ಹೆಚ್ಚು ಪಟಗಳು ಮೂಡಿದವು. ಸಹಚರರು ರಚಿಸಿದ ಪ್ರತಿಗಳೂ ಸೇರಿ ಅವುಗಳ ಸಂಖ್ಯೆ ಸುಮಾರು 400. ಕೈಯಿಂದ ಮಾಡಿದ ಕಾಗದ, ಮಣ್ಣಿನ ಬಣ್ಣ, ಬಿದಿರಿನ ಆಸರೆ, ಇವೇ ಅಲ್ಲಿನ ಸಾಮಗ್ರಿ. ಗ್ರಾಮಸ್ವಾವಲಂಬನೆಯು ಆ ಚಿತ್ರಗಳ ವಸ್ತು ಮಾತ್ರವಾಗಿರಲಿಲ್ಲ. ಅವುಗಳನ್ನು ರಚಿಸಿದ ವಿಧಾನವೂ ಅದೇ ಆಗಿತ್ತು.

ಇದೇ ನಂದಲಾಲರು ಮತ್ತು ಅವರ ಶಿಷ್ಯರು ಸಂವಿಧಾನದ ಮೂಲಪ್ರತಿಯನ್ನು ಅಲಂಕರಿಸಿದಾಗ ಮಹಾವೀರಸ್ವಾಮಿಯ ಚಿತ್ರಕ್ಕೂ ಅಲ್ಲಿ ಸ್ಥಾನ ದೊರೆಯಿತು. ಆ ಸಂಗತಿಯನ್ನು ಅಭಿಮಾನದಿಂದ ಸ್ಮರಿಸುವವರು ತಮ್ಮ ಉತ್ಸವಗಳ ಹೆಬ್ಬಾಗಿಲಲ್ಲಿ ಏನನ್ನು ಕಟ್ಟುತ್ತಾರೆ? ಪ್ಲಾಸ್ಟಿಕ್ ಫ್ಲೆಕ್ಸ್, ಅದರ ಮೇಲೆ ದಾನಿಗಳ, ಅಧ್ಯಕ್ಷರ, ಅತಿಥಿಗಳ ನಗುಮುಖಗಳು!

ದಾನಿಯ ಚಿತ್ರವು ಇತರರಿಗೆ ಪ್ರೇರಣೆಯಲ್ಲವೇ ಎಂದು ಕೇಳುವವರಿದ್ದಾರೆ. ಮುಖ ಕಂಡರೆ ಮಾತ್ರ ಹುಟ್ಟುವ ಔದಾರ್ಯಕ್ಕೆ ದಾನವೆಂಬ ಹೆಸರು ಸಲ್ಲದು, ಅದು ವ್ಯಾಪಾರ. ಗುಪ್ತದಾನವನ್ನು ಕೊಂಡಾಡುವ ನಾಲಗೆ ಫಲಕವನ್ನು ಸಮರ್ಥಿಸಬಾರದು. ಫ್ಲೆಕ್ಸ್ ಅಗ್ಗವೆಂಬುದು ಇನ್ನೊಂದು ವಾದ. ಊರಿನ ಚಿತ್ರಕಾರನ ಕೂಲಿಯನ್ನು ಕಸಿದು, ಉತ್ಸವ ಮುಗಿದ ಮೇಲೆ ಕೊಳೆಯದ ಕಸವನ್ನು ಹಳ್ಳಿಯ ಮಣ್ಣಿಗೆ ಎಸೆದು ಲೆಕ್ಕ ಹಾಕಿದರೆ ಯಾವುದು ತಾನೇ ಅಗ್ಗವಾಗದು?

ಹರಿಪುರಾದ ಪಟಗಳಲ್ಲಿ ಸಾಲದ ಹೊರೆಯಾಗಲಿ ಹಸಿವಾಗಲಿ ಕಾಣುವುದಿಲ್ಲವೆಂಬ ಆಕ್ಷೇಪ ನಿಜ. ಆದರ್ಶವು ವಾಸ್ತವದ ವರದಿಯಲ್ಲ. ವಾಸ್ತವದ ಮುಂದಿಡುವ ಬೇಡಿಕೆ. ದುಡಿಯುವವನು ತಲೆಯೆತ್ತಿ ನಿಲ್ಲಬೇಕೆಂದು ಆ ಪಟಗಳು ಕೇಳಿದವು. ಇಂದು ಅವು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ನಿಧಿ. ಪಟಗಳನ್ನು ಜೋಪಾನ ಮಾಡಿ ಬೇಡಿಕೆಯನ್ನು ಮರೆಯುವುದು ಗೌರವವಲ್ಲ.

ಮುಂದಿನ ಉತ್ಸವಕ್ಕೆ ಊರಿನ ಚಿತ್ರಕಾರನನ್ನೇ ಕರೆಯಬಹುದು. ಹತ್ತಿಬಟ್ಟೆಯ ಮೇಲೆ ಹೂ ಕಟ್ಟುವವಳು, ಅಡುಗೆಯವನು, ಕಲ್ಲುಕುಟಿಗ, ಅಂಗಳ ಗುಡಿಸುವವಳು ಮೂಡಲಿ. ದಾನಿಯ ಹೆಸರು ಲೆಕ್ಕದ ಪುಸ್ತಕದಲ್ಲಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ನಿಜವಾದ ದಾನಿ ಕೇಳುವುದಿಲ್ಲ.