ಹತ್ತೊಂಬತ್ತನೆಯ ಹೆಜ್ಜೆ: ನಗರದ ಸಂಚಾರಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ತಮ್ಮ ಹೆಸರು ಹಿಡಿದು ಬರೆಯದೆ ತಾವು ಕುಳಿತಿರುವ ಪೀಠವನ್ನುದ್ದೇಶಿಸಿ ಬರೆಯುತ್ತಿರುವುದನ್ನು ಅವಿನಯವೆಂದು ಭಾವಿಸಬಾರದು. ಪೀಠದಲ್ಲಿರತಕ್ಕವರು ಬರುವರು, ವರ್ಗವಾಗಿ ಹೋಗುವರು. ರಸ್ತೆ ಮಾತ್ರ ಇದ್ದಲ್ಲಿಯೇ ಇದ್ದು, ಬಂದವರಿಗೆಲ್ಲ ಅದೇ ಪ್ರಶ್ನೆಯನ್ನು ಕೇಳುತ್ತಿರುವುದು. ನಾನು ಬಸವನಗುಡಿಯ ನಿವಾಸಿ. ಮೂವತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ನನಗೆ ವಾಹನವಿಲ್ಲ, ಬೇಕೆಂಬ ಆಸೆಯೂ ಎಂದೂ ಹುಟ್ಟಲಿಲ್ಲ. ಆದುದರಿಂದ ಈ ಪತ್ರವನ್ನು ಕಾಲ್ನಡೆಯವನೊಬ್ಬನ ಅರಿಕೆಯೆಂದೇ ತಾವು ಓದಿಕೊಳ್ಳಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದೆರಗಿದಾಗ, ಪೇಟೆಯ ಇಕ್ಕಟ್ಟಿನಲ್ಲಿ ಬೆಂದ ಜನಕ್ಕೆ ಗಾಳಿ ಬೆಳಕುಗಳ ನೆಲೆಯೊಂದನ್ನು ಕಲ್ಪಿಸಬೇಕೆಂಬ ವಿವೇಕದಿಂದ, ಮಲ್ಲೇಶ್ವರದೊಡನೆ ಅವಳಿಯಾಗಿ ಹುಟ್ಟಿದ ಬಡಾವಣೆ ನಮ್ಮದು. ನೇರವಾದ ಅಗಲ ರಸ್ತೆಗಳು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳು, ಸಾಲುಮರಗಳು: ಇವೆಲ್ಲವೂ ನಡೆದಾಡುವ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಎಳೆದ ನಕ್ಷೆಗಳು. ಅಂದು ಇಲ್ಲಿ ಕುದುರೆಗಾಡಿಯೇ ವೇಗದ ಪರಮಾವಧಿಯಾಗಿದ್ದಿತು. ಆ ನಕ್ಷೆ ಬರೆದವರು ಇಂದಿನ ವಾಹನಸಾಗರವನ್ನು ಊಹಿಸಲಿಲ್ಲವೆಂದು ಅವರನ್ನು ದೂರುವುದು ಅನ್ಯಾಯ. ಆದರೆ ಕಾಲ್ನಡೆಯವನನ್ನು ಅವರು ಮರೆತಿರಲಿಲ್ಲವೆಂಬುದನ್ನು ಇಂದಿನವರು ಮರೆಯಬಾರದು.

ಕಳೆದ ಮಾಘದ ಒಂದು ಸಂಜೆ ನಮ್ಮ ಅತ್ತಿಗೆಯವರು, ಎಪ್ಪತ್ತಾರರ ವಯಸ್ಸಿನವರು, ಹೂವಿಗೆಂದು ಗಾಂಧಿ ಬಜಾರಿನ ಕಡೆಗೆ ಹೊರಟರು. ದಾರಿಯಲ್ಲಿ ಒಂದು ಒನ್ ವೇ ರಸ್ತೆಯನ್ನು ದಾಟಬೇಕು. ವಾಹನಗಳು ಬರತಕ್ಕ ದಿಕ್ಕು ಬಲಗಡೆಯದಾದುದರಿಂದ ಅವರು ಬಲಕ್ಕೆ ನೋಡಿದರು. ರಸ್ತೆ ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ಹೆಜ್ಜೆಯಿಟ್ಟರು. ಎಡಗಡೆಯಿಂದ, ಅಂದರೆ ಯಾವ ವಾಹನವೂ ಬರಕೂಡದೆಂದು ತಮ್ಮ ಇಲಾಖೆಯೇ ಫಲಕ ನೆಟ್ಟ ದಿಕ್ಕಿನಿಂದ, ಬಂದ ಸ್ಕೂಟರೊಂದು ಅವರನ್ನು ಕೆಡವಿತು. ಸೊಂಟದ ಮೂಳೆ ಮುರಿಯಿತು. ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಓಡಿಬಂದು ಎತ್ತಿದವಳು ಹೂವಾಡಗಿತ್ತಿ. ಆಸ್ಪತ್ರೆಗೆ ಮುಟ್ಟಿಸಿ, ಎಷ್ಟು ಹೇಳಿದರೂ ಬಾಡಿಗೆ ಮುಟ್ಟದೆ ಹೋದವನು ಆಟೋದವನು. ಆತ ಹೆಸರು ಹೇಳಲೂ ಹಿಂಜರಿದನು. ಗಾಯಾಳುವಿಗೆ ನೆರವಾದವನನ್ನು ಪೊಲೀಸ್ ಠಾಣೆಗೂ ಕೋರ್ಟಿಗೂ ಅಲೆಸಬಾರದೆಂದು ಮೋಟಾರು ವಾಹನಗಳ ಅಧಿನಿಯಮದ 2019ರ ತಿದ್ದುಪಡಿಯಲ್ಲಿ ಕಾನೂನೇ ರಕ್ಷಣೆ ಕೊಟ್ಟಿದೆಯೆಂಬ ಸುದ್ದಿ ಅವನ ಸ್ಟ್ಯಾಂಡಿನವರೆಗೆ ಇನ್ನೂ ಬಂದಿರಲಿಲ್ಲ.

ಈ ಪ್ರಸಂಗದಲ್ಲಿ ನನ್ನನ್ನು ಕಾಡುತ್ತಿರುವುದು ಮುರಿದ ಮೂಳೆಗಿಂತ ಹೆಚ್ಚಾಗಿ, ನೋಡಿದ ದಿಕ್ಕು. ಕಾನೂನನ್ನು ನಂಬಿದವರು ಅತ್ತಿಗೆ, ನಂಬಿದುದಕ್ಕೇ ಬಿದ್ದರು. ಅವರ ಪಕ್ಕದಲ್ಲಿ ದಾಟುತ್ತಿದ್ದ ಕಾಲೇಜಿನ ಹುಡುಗಿ, ಎಡಬಲಗಳೆರಡನ್ನೂ ಸಮನಾಗಿ ಸಂಶಯಿಸುವ ಈ ಕಾಲದ ಶಿಕ್ಷಣವನ್ನು ಪಡೆದವಳಾದ್ದರಿಂದ, ಹಿಂದಕ್ಕೆ ಹಾರಿ ಪಾರಾದಳು. ನಿಗದಿಯಾದ ಹರಿವಿಗೆ ಎದುರಾಗಿ ವಾಹನ ನಡೆಸುವುದು ಅಪಾಯಕಾರಿ ಚಾಲನೆಯೆಂದು ಮೋಟಾರು ವಾಹನಗಳ ಅಧಿನಿಯಮದ 184ನೆಯ ಪ್ರಕರಣದಲ್ಲಿ ಈಗ ಸ್ಪಷ್ಟವಾಗಿ ಬರೆದಿದೆ. ಸೆರೆವಾಸಕ್ಕೂ ಅಲ್ಲಿ ಅವಕಾಶವುಂಟು. ನಮ್ಮ ಬೀದಿಯಲ್ಲಿ ಅದಕ್ಕೆ ಇರುವ ಹೆಸರು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು.

ಎದುರಾಗಿ ಬರುವವರನ್ನು ದುಷ್ಟರೆಂದು ಹಳಿದು ಪತ್ರ ಮುಗಿಸುವುದು ಸುಲಭ. ಆದರೆ ಅಂದು ಸ್ಕೂಟರು ನಡೆಸಿದ ಹುಡುಗನನ್ನು ಆಸ್ಪತ್ರೆಯ ಜಗುಲಿಯಲ್ಲಿ ನಾನು ಕಂಡೆನು. ಬೆನ್ನ ಮೇಲೆ ಹೊರೆಯಷ್ಟು ದೊಡ್ಡ ಚೌಕದ ಚೀಲ, ಕೈಯಲ್ಲಿ ನಿಮಿಷನಿಮಿಷಕ್ಕೂ ಗದರುವ ಮೊಬೈಲು, ಕಣ್ಣಿನಲ್ಲಿ ಭಯ. ನಿಯಮದಂತೆ ಬಂದಿದ್ದರೆ ಸುತ್ತಿ ಬರಬೇಕಾದ ದಾರಿ ಮೂರು ಅಡ್ಡರಸ್ತೆಗಳಷ್ಟು ಉದ್ದ, ಅವನಿಗೆ ಕೊಟ್ಟ ಗಡುವು ಕೆಲವೇ ನಿಮಿಷ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರಬೇಕೆಂದು ಬಯಸುವವರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಆ ಅವಸರದ ಬೆಲೆಯನ್ನು ತೆತ್ತವರು ಮಾತ್ರ, ಸೊಪ್ಪನ್ನು ತಾವೇ ಹೋಗಿ ಆರಿಸಿ ತರುವ ಅತ್ತಿಗೆ. ಹುಡುಗನಿಗೆ ದಂಡ ವಿಧಿಸಿ, ಬೇಡವೆನ್ನಲಾರೆ. ಅವನನ್ನು ಓಡಿಸುತ್ತಿರುವ ಗಡಿಯಾರದ ಯಜಮಾನರನ್ನೂ ಒಮ್ಮೆ ಕರೆಸಿ ಕೇಳಿ.

ಇನ್ನು ಗಡಿಯಾರದ ಮಾತು ಬಂದಿತಲ್ಲ, ಗಣಿತದ ಮೇಷ್ಟರಿಗೆ ಅದೇ ಮುಖ್ಯ ವಿಷಯ. ನಾಲ್ಕು ತಿಂಗಳ ಅನಂತರ ಅತ್ತಿಗೆ ಕೋಲು ಹಿಡಿದು ನಡೆಯತೊಡಗಿದರು. ಅವರೊಡನೆ ಸಿಗ್ನಲಿರುವ ದೊಡ್ಡ ರಸ್ತೆಯನ್ನು ದಾಟುವಾಗ ನಾನು ಹೆಜ್ಜೆಗಳನ್ನು ಎಣಿಸಿದೆನು. ಈ ಅಂಚಿನಿಂದ ಆ ಅಂಚಿಗೆ ಸುಮಾರು 15 ಮೀಟರು. ಅವರಿಗೆ 36 ಹೆಜ್ಜೆ. ಮನುಷ್ಯನು ಸೆಕೆಂಡಿಗೆ 1.2 ಮೀಟರು ನಡೆಯುವನೆಂಬುದು ಸಂಚಾರ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಆ ಲೆಕ್ಕಕ್ಕೆ ಹನ್ನೆರಡೂವರೆ ಸೆಕೆಂಡು ಸರಿಯಾಗಿ ಸಾಕು, ಅಲ್ಲಿಯ ಹಸಿರು ಬೊಂಬೆಯೂ ಅಷ್ಟೇ ಹೊತ್ತು ನಿಲ್ಲುವುದು. ಅತ್ತಿಗೆಯವರು ಹತ್ತೊಂಬತ್ತನೆಯ ಹೆಜ್ಜೆಯನ್ನೆತ್ತುವಾಗ ಬೊಂಬೆ ಕೆಂಪಾಯಿತು. ಎಂದರೆ ಸರಿಯಾಗಿ ನಡುರಸ್ತೆಯಲ್ಲಿ. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ. ಮುಂದಿನ ಸಾಲಿನ ಬೈಕುಗಳು ಆಗಲೇ ಗುರುಗುಟ್ಟುತ್ತಿದ್ದುವು. ಅವರು ಕೋಲನ್ನು ಮೇಲಕ್ಕೆತ್ತಿ, ತಮ್ಮ ಸಿಬ್ಬಂದಿಯವರು ಕೈಯೆತ್ತುವ ರೀತಿಯಲ್ಲಿಯೇ, ಹಿಡಿದು ನಿಂತರು. ಬಸ್ಸಿನ ಡ್ರೈವರೊಬ್ಬರು ನಕ್ಕು ಬ್ರೇಕು ಒತ್ತಿದುದರಿಂದ ಉಳಿದ ಹದಿನೆಂಟು ಹೆಜ್ಜೆಗಳು ಸಂದುವು. ದಿನವೂ ನಗುವ ಡ್ರೈವರು ಸಿಗಬೇಕೆಂದು ನಿರೀಕ್ಷಿಸುವುದು ಹೇಗೆ?

ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಕಾಲ್ನಡೆಯವರು 32,825. ಭಾಗಿಸಿ ನೋಡಿದರೆ ದಿನಕ್ಕೆ ತೊಂಬತ್ತು. ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೆ ಸೇರಿದುದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಿನಲ್ಲಿ ಹೇಳಿತು. ಗಾಂಧಿ ಬಜಾರಿನಲ್ಲಿ ಫುಟ್‌ಪಾತನ್ನು ಅಗಲ ಮಾಡಿ ಕಲ್ಲು ಹಾಸಿದ್ದೂ ಆಗಿದೆ. ಆ ಕೆಲಸ ನಡೆದ ಕಾಲದ ಧೂಳನ್ನೂ ವ್ಯಾಪಾರಿಗಳ ಗೋಳನ್ನೂ ಕಂಡವನಾದರೂ ಈಗ ಅಲ್ಲಿ ಸಂತೋಷದಿಂದಲೇ ನಡೆಯುತ್ತೇನೆ, ಸ್ಕೂಟರುಗಳು ಹತ್ತಿ ಬಾರದ ಹೊತ್ತಿನಲ್ಲಿ. ಸ್ಥಳವು ಹೀಗೆ ಅಷ್ಟಿಷ್ಟು ಸಿಕ್ಕಿತು. ನಮಗೆ ಸಿಗದಿರುವುದು ಕಾಲ. ಸಿಗ್ನಲಿನ ತೊಂಬತ್ತು ಅಥವಾ ನೂರಿಪ್ಪತ್ತು ಸೆಕೆಂಡುಗಳ ಸುತ್ತಿನಲ್ಲಿ ನಾಲ್ಕು ದಿಕ್ಕಿನ ವಾಹನಗಳಿಗೂ ಬಡಿಸಿ ಎಲೆಯ ತುದಿಯಲ್ಲಿ ಉಳಿದುದನ್ನು ಕಾಲ್ನಡೆಯವನಿಗೆ ಹಾಕುವ ಪದ್ಧತಿಯನ್ನು ತಾವು ಬದಲಿಸಬಲ್ಲಿರಿ; ಇದಕ್ಕೆ ಸೇತುವೆ ಬೇಡ, ಸುರಂಗ ಬೇಡ, ಟೆಂಡರು ಬೇಡ. ಇನ್ನೊಂದು ಹದಿಮೂರು ಸೆಕೆಂಡು ಬೇಕು. ಸಿಗ್ನಲಿಲ್ಲದ ಒನ್ ವೇ ರಸ್ತೆಗಳ ಬಾಯಿಯಲ್ಲಿ, ತರಕಾರಿ ಹೊತ್ತಿನಲ್ಲಿಯೂ ಶಾಲೆ ಬಿಡುವ ಹೊತ್ತಿನಲ್ಲಿಯೂ, ಒಬ್ಬರು ಪೇದೆಯವರು ನಿಂತಿರಬೇಕು. ಮರೆಯಲ್ಲಿ ನಿಂತು ಹಿಡಿದು ರಸೀದಿ ಹರಿಯುವುದಕ್ಕಲ್ಲ, ಎದುರಾಗಿ ಕಾಣುವಂತೆ ನಿಂತು ತಡೆಯುವುದಕ್ಕೆ.

ಹೀಗೆ ಮಾಡಲು ಶಕ್ಯವಿಲ್ಲವೆಂದು ಮಾತ್ರ ಹೇಳಬೇಡಿ. ಶಕ್ಯವೆಂಬುದನ್ನು ತಾವೇ ಪ್ರತಿವರ್ಷ ತೋರಿಸಿಕೊಡುತ್ತಿದ್ದೀರಿ. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವಾಗ, ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನಗಳನ್ನು ತಡೆದು, ಲಕ್ಷಾಂತರ ಜನಕ್ಕೆ ದಾರಿ ಬಿಟ್ಟುಕೊಡುವಿರಿ. ರಾಶಿರಾಶಿ ಕಡಲೆಕಾಯಿಯ ನಡುವೆ ಮುದುಕರು, ಮಕ್ಕಳು, ಬಸುರಿಯರು ರಸ್ತೆಯ ನಟ್ಟನಡುವೆ ಸಿಪ್ಪೆ ಬಿಡಿಸುತ್ತ ನಡೆಯುವುದನ್ನು ನೋಡಿದಾಗ, ರಸ್ತೆಯೆಂಬುದು ಮೊದಲಿಗೆ ಯಾರಿಗಾಗಿ ಹುಟ್ಟಿದ್ದಿತೆಂದು ನೆನಪಾಗುವುದು. ಅಂದು ತಮ್ಮ ಸಿಬ್ಬಂದಿಯ ದನಿಯಲ್ಲಿಯೂ ಒಂದು ಬಗೆಯ ಮೃದುತ್ವವಿರುವುದು. ‘ನಿಧಾನ ಅಜ್ಜಿ, ನಿಧಾನ’ ಎನ್ನುವರು. ಮರುವಾರ ಅದೇ ರಸ್ತೆಯಲ್ಲಿ ಅದೇ ಬಾಯಿ ‘ಬೇಗ, ಬೇಗ’ ಎನ್ನುವುದು.

ಒಂದು ಕೋರಿಕೆಯನ್ನು ತಾವು ಮನ್ನಿಸಬೇಕು. ಸಂಜೆ ಐದೂವರೆಗೆ ಅತ್ತಿಗೆಯವರೂ ನಾನೂ ಆ ಸಿಗ್ನಲಿನ ಬಳಿ, ಕಬ್ಬಿಣದ ಬೇಲಿಯ ಕೊನೆಯಲ್ಲಿ, ನಿಂತಿರುವೆವು. ಸಮವಸ್ತ್ರವಿಲ್ಲದೆ, ಕಾರನ್ನು ದೂರದಲ್ಲಿಯೇ ಬಿಟ್ಟು, ಒಂದು ದಿನ ಬನ್ನಿ. ಅತ್ತಿಗೆಯವರ ಕೈ ಹಿಡಿದು ಅವರ ನಡಿಗೆಯಲ್ಲಿಯೇ ತಾವು ರಸ್ತೆ ದಾಟಬೇಕು. ಹೆಜ್ಜೆಗಳನ್ನು ನಾನು ಹಿಂದಿನಿಂದ ಎಣಿಸುವೆನು. ಆ ಕಡೆ ತಲಪಿದ ಮೇಲೆ ಕಾಫಿ ನನ್ನದು.

ಇತಿ ತಮ್ಮ ವಿಶ್ವಾಸಿ,
ಬಸವನಗುಡಿಯ ಒಬ್ಬ ಪಾದಚಾರಿ